ಡೀಸೆಲ್ ಬುಲೆಟ್ಟಿನ ಲೆಕ್ಕಾಚಾರ

ಮಲೆನಾಡಿನ ತೋಟದ ಮನೆಗಳಿಗೆ ಡೀಸೆಲ್ ಪೀಪಾಯಿ ಹೊಸದೇನಲ್ಲ. ಸ್ಪ್ರಿಂಕ್ಲರ್ ಪಂಪ್‌ಸೆಟ್ಟಿಗೆ, ಟಿಲ್ಲರಿಗೆ, ಜೀಪಿಗೆ ಎಲ್ಲಕ್ಕೂ ಅದೇ ಎಣ್ಣೆ. ಅದೇ ಪೀಪಾಯಿಯ ಎಣ್ಣೆಯಲ್ಲಿ ಓಡುವ ಮೋಟಾರು ಸೈಕಲ್ಲೂ ಒಂದು ಕಾಲಕ್ಕೆ ಇತ್ತೆಂದರೆ ಇಂದಿನ ಹುಡುಗರು ನಂಬಲಾರರು. ಹಳೆಯ ಡೀಸೆಲ್ ಬುಲೆಟ್ಟು ಮಾರಾಟಕ್ಕಿದೆ, ಕೊಳ್ಳಬಹುದೇ ಎಂದು ಈಚೆಗೆ ಕೆಲವು ಸದಸ್ಯರು ನಮ್ಮನ್ನು ಕೇಳಿದ್ದುಂಟು. ಅಂಥ ಗಾಡಿಯನ್ನು 1991ರಿಂದ ಒಂಬತ್ತು ವರ್ಷ ಓಡಿಸಿದವರಾದ್ದರಿಂದ ನಮ್ಮ ಅನುಭವವನ್ನು ಬೆಳೆಗಾರ ಬಾಂಧವರ ಮುಂದಿಡುತ್ತಿದ್ದೇವೆ.

ಮೊದಲು ಯಂತ್ರದ ಗುಣ ತಿಳಿಯಬೇಕು. ಪೆಟ್ರೋಲ್ ಎಂಜಿನ್ನಿನಲ್ಲಿ ಪ್ಲಗ್ಗಿನ ಕಿಡಿ ಬೆಂಕಿ ಹೊತ್ತಿಸುತ್ತದೆ. ಡೀಸೆಲ್ ಎಂಜಿನ್ನಿಗೆ ಪ್ಲಗ್ಗೇ ಇಲ್ಲ. ಒಳಗಿನ ಗಾಳಿಯನ್ನು ಇಪ್ಪತ್ತರಲ್ಲೊಂದು ಪಾಲಿಗೆ ಬರುವಷ್ಟು ಅದುಮಿದಾಗ ಅದು ಕೆಂಡದಂತೆ ಕಾಯುತ್ತದೆ. ಅದರೊಳಗೆ ಸಿಡಿಸಿದ ಎಣ್ಣೆ ತಾನಾಗಿ ಉರಿಯುತ್ತದೆ. ಜರ್ಮನಿಯ ಆಗ್ಸ್‌ಬರ್ಗಿನಲ್ಲಿ 1897ರಲ್ಲಿ ರುಡಾಲ್ಫ್ ಡೀಸೆಲ್ ತಮ್ಮ ಎಂಜಿನ್ನನ್ನು ಪರೀಕ್ಷೆಗೆ ಒಡ್ಡಿದಾಗ ಅದು ಎಣ್ಣೆಯ ಶಾಖದಲ್ಲಿ ಶೇಕಡಾ 26ರಷ್ಟನ್ನು ಕೆಲಸಕ್ಕೆ ತಿರುಗಿಸಿತು. ಅಂದಿನ ಉಗಿಯಂತ್ರಗಳಿಗೆ ಅದು ನಿಲುಕದ ಮಾತು. ಆದರೆ ಅಷ್ಟು ಒತ್ತಡವನ್ನು ತಡೆಯಲು ಎಂಜಿನ್ನಿನ ಮೈ ದಪ್ಪಗಿರಬೇಕು, ಗಾಲಿಚಕ್ರ ಭಾರವಾಗಿರಬೇಕು. ಲಾರಿಗೆ, ಪಂಪಿಗೆ ಆ ತೂಕ ಬಾಧಕವಲ್ಲ. ಎರಡು ಚಕ್ರದ ಗಾಡಿಗೆ ಅದೇ ಹೊರೆ.

ಆದರೂ ನಮ್ಮ ದೇಶದಲ್ಲಿ ಅದನ್ನು ಹೊತ್ತವರಿದ್ದಾರೆ. ಮೆಕ್ಯಾನಿಕ್ಕುಗಳು ಬುಲೆಟ್ಟಿನ ಪೆಟ್ರೋಲ್ ಎಂಜಿನ್ ಇಳಿಸಿ ಸಣ್ಣ ಡೀಸೆಲ್ ಎಂಜಿನ್ ಕೂರಿಸುತ್ತಿದ್ದರು. ಮುಂದೆ ಎನ್‌ಫೀಲ್ಡ್ ಕಂಪನಿಯೇ ‘ಟಾರಸ್’ ಹೆಸರಿನ ಡೀಸೆಲ್ ಬುಲೆಟ್ಟನ್ನು ಮಾರುಕಟ್ಟೆಗೆ ತಂದಿತು. ಅದಕ್ಕೆ 325 ಸಿ.ಸಿ.ಯ ಗ್ರೀವ್ಸ್ ಲೊಂಬಾರ್ಡಿನಿ ಎಂಜಿನ್. ಶಕ್ತಿ ಸುಮಾರು ಆರೂವರೆ ಅಶ್ವಶಕ್ತಿ. ಪೆಟ್ರೋಲಿನ 350 ಸಿ.ಸಿ. ಬುಲೆಟ್ಟಿಗೆ 18 ಅಶ್ವಶಕ್ತಿಯಿತ್ತೆಂದರೆ ವ್ಯತ್ಯಾಸ ತಿಳಿಯುತ್ತದೆ. ಗಂಟೆಗೆ 65 ಕಿಲೋಮೀಟರು ಮುಟ್ಟಿದರೆ ಅದೇ ಪುಣ್ಯ. ಹೊಗೆಯ ಕಟ್ಟಳೆಗಳು ಬಿಗಿಯಾದ ಮೇಲೆ ಅದರ ತಯಾರಿಕೆ ನಿಂತಿತು.

ನಮ್ಮದು ಕಂಪನಿಯ ಗಾಡಿಯಲ್ಲ, ಪೇಟೆಯ ಗ್ಯಾರೇಜೊಂದರಲ್ಲಿ ಎಂಜಿನ್ ಬದಲಿಸಿದ ಬುಲೆಟ್ಟು. ಪೆಟ್ರೋಲಿನಲ್ಲಿ ಲೀಟರಿಗೆ ಮೂವತ್ತು ಚಿಲ್ಲರೆ ಕಿಲೋಮೀಟರು ಕೊಡುತ್ತಿದ್ದುದು ಡೀಸೆಲ್ಲಿನಲ್ಲಿ ಎಪ್ಪತ್ತು ಕೊಟ್ಟಿತು. ಡೀಸೆಲ್ ಬೆಲೆಯೂ ಆಗ ಪೆಟ್ರೋಲಿಗಿಂತ ಬಹಳ ಕಡಿಮೆ. ಪ್ಲಗ್ಗಿಲ್ಲದ ಕಾರಣ ಆಷಾಢದ ಮಳೆಯಲ್ಲಿ ನೆಂದು ಕೈಕೊಡುವ ಭಯವಿರಲಿಲ್ಲ. ನಡುಕ ಮಾತ್ರ ವಿಪರೀತ. ನಂಬರ್ ಪ್ಲೇಟಿನ ಬೋಲ್ಟುಗಳು ದಾರಿಯಲ್ಲೇ ಉದುರುತ್ತಿದ್ದವು. ಹಿಂದೆ ಒಂದು ಗೊಬ್ಬರದ ಮೂಟೆ ಹೇರಿದರೆ ಏರಿನಲ್ಲಿ ನಡೆದು ಹೋಗುವವರೇ ನಮ್ಮನ್ನು ಹಿಂದಿಕ್ಕುತ್ತಿದ್ದರು. ಇದನ್ನೆಲ್ಲ ನಗುತ್ತಲೇ ಸಹಿಸಿದೆವು. ನಗಲಾರದ ಪ್ರಸಂಗವೂ ಒಂದು ನಡೆಯಿತು.

1994ರ ಮಳೆಗಾಲದ ಒಂದು ರಾತ್ರಿ ನಮ್ಮ ತೀರ್ಥರೂಪರಿಗೆ ಉಬ್ಬಸ ಕೆರಳಿತು. ಜೀಪು ರಿಪೇರಿಗೆ ಹೋಗಿತ್ತು. ಅವರನ್ನು ಹಿಂದೆ ಕೂರಿಸಿಕೊಂಡು, ಕಂಬಳಿ ಹೊದೆಸಿ, ಕೊಪ್ಪದ ಕಡೆ ಹೊರಟೆವು. ಅರ್ಧ ದಾರಿಯಲ್ಲಿ, ಕಾಡಿನ ನಡುವೆ, ಗಾಡಿ ಎರಡು ಸಲ ಗುಕ್ಕಿ ನಿಂತೇಹೋಯಿತು. ಟಾರ್ಚನ್ನು ಬಾಯಲ್ಲಿ ಕಚ್ಚಿ ಫಿಲ್ಟರು ಬಿಚ್ಚಿ ನೋಡಿದರೆ ಅರ್ಧಕ್ಕರ್ಧ ನೀರು. ಪೀಪಾಯಿ ಸೂರಿನ ಕೆಳಗಿತ್ತು, ಮುಚ್ಚಳ ಬಿಗಿಯದೆ ಬಿಟ್ಟವರು ನಾವೇ. ಟ್ಯಾಂಕಿನ ತಳದ ನೀರು ಸುರಿದು, ಪೈಪಿನ ಗಾಳಿ ತೆಗೆದು, ಮತ್ತೆ ಕಿಕ್ ಹೊಡೆಯುವಷ್ಟರಲ್ಲಿ ಮುಕ್ಕಾಲು ಗಂಟೆ ಕಳೆಯಿತು. ಅಷ್ಟೂ ಹೊತ್ತು ತೀರ್ಥರೂಪರು ಮೋರಿ ಕಟ್ಟೆಯ ಮೇಲೆ ಕುಳಿತು ಉಸಿರಿಗಾಗಿ ಒದ್ದಾಡಿದರು. ಆಸ್ಪತ್ರೆ ಸೇರಿ, ಸೂಜಿಮದ್ದು ಆಗಿ, ಬೆಳಗಿನ ಜಾವ ಸ್ವಲ್ಪ ಚೇತರಿಸಿಕೊಂಡ ಮೇಲೆ ಅವರಾಡಿದ ಮಾತು ಒಂದೇ: ‘ಎಣ್ಣೆ ದುಡ್ಡು ಉಳಿಸ್ಲಿಕ್ಕೆ ಹೋಗಿ ನನ್ನ ಉಸಿರೇ ಖರ್ಚಾಗ್ತಿತ್ತಲ್ಲೋ!’

ಅಂದಿನಿಂದ ನಾವು ಕಲಿತದ್ದು ಪಂಪ್‌ಸೆಟ್ಟು, ಟಿಲ್ಲರು ಇರುವ ಪ್ರತಿಯೊಬ್ಬ ಸದಸ್ಯರಿಗೂ ಅನ್ವಯಿಸುತ್ತದೆ. ಡೀಸೆಲ್ ಪಂಪಿನ ಒಳಭಾಗಗಳ ನಡುವಿನ ಸಂದು ಕೂದಲೆಳೆಗಿಂತ ಎಷ್ಟೋ ಕಿರಿದು. ಆ ಭಾಗಗಳಿಗೆ ಡೀಸೆಲ್ಲೇ ಜಾರೆಣ್ಣೆ. ನೀರು ಸೇರಿದರೆ ಸವೆತ, ತುಕ್ಕು ಎರಡೂ ಖಂಡಿತ. ಪೀಪಾಯಿಯನ್ನು ಸೂರಿನ ಒಳಗೆ, ಸ್ಟ್ಯಾಂಡಿನ ಮೇಲೆ ಇಡಿ. ಎಣ್ಣೆ ತುಂಬಿಸಿದ ಮೇಲೆ ಒಂದು ರಾತ್ರಿ ತಿಳಿಯಾಗಲು ಬಿಡಿ. ತಳದ ಎಣ್ಣೆಯನ್ನು ಯಂತ್ರಕ್ಕೆ ಹಾಕಬೇಡಿ. ಖಾಲಿ ಜಾಗದ ತೇವವೂ ನೀರಾಗಿ ಇಳಿಯುವುದರಿಂದ ಮಳೆಗಾಲದಲ್ಲಿ ಪೀಪಾಯಿಯನ್ನು ಅರ್ಧ ಖಾಲಿ ಬಿಡದಿರುವುದು ಲೇಸು.

ಇನ್ನು ಕೊಳ್ಳುವ ಮಾತು. ಒಂದೇ ಎಣ್ಣೆಯಲ್ಲಿ ಎಲ್ಲ ಗಾಡಿಯೂ ಓಡಬೇಕೆಂಬ ಆಸೆ ನಮ್ಮೊಬ್ಬರದಲ್ಲ. ಅಮೆರಿಕದ ಮರೀನ್ ಪಡೆಯೂ ಇದೇ ಕಾರಣಕ್ಕೆ ಕಾವಾಸಾಕಿ ಮೋಟಾರು ಸೈಕಲ್ಲಿಗೆ ಡೀಸೆಲ್ ಎಂಜಿನ್ ಹಾಕಿಸಿಕೊಂಡಿತ್ತು. ಆದರೆ ಉಳಿತಾಯದ ಲೆಕ್ಕ ಬದಲಾಗಿದೆ. 2014ರ ಅಕ್ಟೋಬರಿನಲ್ಲಿ ಸರ್ಕಾರ ಡೀಸೆಲ್ ಬೆಲೆಯ ನಿಯಂತ್ರಣ ಕೈಬಿಟ್ಟಿತು. ಬೆಲೆಯ ಅಂತರ ಹಿಂದಿನಷ್ಟಿಲ್ಲ. ನೂರು ಸಿ.ಸಿ.ಯ ಪೆಟ್ರೋಲ್ ಗಾಡಿ ಈಗ ಲೀಟರಿಗೆ ಅರವತ್ತು ಕಿಲೋಮೀಟರಿಗೂ ಮೀರಿ ಓಡುತ್ತದೆ, ಬಿಡಿಭಾಗ ಎಲ್ಲ ಪೇಟೆಯಲ್ಲೂ ಸಿಗುತ್ತದೆ. ಆದ್ದರಿಂದ ಹಣ ಉಳಿಸಲೆಂದು ಡೀಸೆಲ್ ಬುಲೆಟ್ಟು ಕೊಳ್ಳಬೇಡಿ. ಪ್ರೀತಿಯಿಂದ ಕೊಳ್ಳುವವರು ನೋಂದಣಿ ಪತ್ರದಲ್ಲಿ ಎಂಜಿನ್ ನಂಬರು, ಡೀಸೆಲ್ ಎಂಬ ನಮೂದು, ನವೀಕರಣ ಮೂರನ್ನೂ ನೋಡಿಯೇ ಮುಂಗಡ ಕೊಡಿ.

ನಮ್ಮ ಗಾಡಿಯನ್ನು 2000ದಲ್ಲಿ ಮಾರಿದೆವು. ಪೀಪಾಯಿ ಇನ್ನೂ ಇದೆ. ಅದರ ಮುಚ್ಚಳವನ್ನು ಪ್ರತಿ ಸಂಜೆ ನಾವೇ ಹೋಗಿ ಬಿಗಿಯುತ್ತೇವೆ.