ಛಾಯಾ ಭೂಪಟವೂ ಠಾಣೆಯ ಕನ್ನಡಿಗರ ಗಣನೆಯೂ

ಠಾಣೆ, ಕಲ್ಯಾಣ, ಡೊಂಬಿವಲಿ, ನವಿ ಮುಂಬಯಿಗಳಲ್ಲಿ ಕನ್ನಡಿಗರು ಎಲ್ಲೆಲ್ಲಿ ಎಷ್ಟು ದಟ್ಟವಾಗಿ ನೆಲೆಸಿದ್ದಾರೆಂಬುದು ಕೇವಲ ಕುತೂಹಲದ ಪ್ರಶ್ನೆಯಲ್ಲ. ಕನ್ನಡ ಶಾಲೆಗೋ ವಾಚನಾಲಯಕ್ಕೋ ಸ್ಥಳವನ್ನು ಗೊತ್ತುಮಾಡುವವರಿಗೆ ಅದರ ಉತ್ತರವು ಅವಶ್ಯವಾಗಿ ಬೇಕು. ಅಂಕಿಗಳ ಪಟ್ಟಿಗಿಂತ ಭೂಪಟವು ಇದನ್ನು ಬೇಗ ಮನಗಾಣಿಸುತ್ತದೆ. ಪ್ರಮಾಣಕ್ಕನುಗುಣವಾಗಿ ಪ್ರದೇಶಗಳಿಗೆ ತಿಳಿಯಾದ ಅಥವಾ ಗಾಢವಾದ ಛಾಯೆಯನ್ನು ಕೊಡುವ ಪದ್ಧತಿಯನ್ನು ಫ್ರಾನ್ಸಿನ ಶಾರ್ಲ್ ದ್ಯುಪ್ಯಾಂ ಎಂಬವನು 1826ರಲ್ಲಿಯೇ ಶಿಕ್ಷಣದ ಹರಹನ್ನು ತೋರಿಸಲು ಬಳಸಿದನು.

ಇಂದು ಈ ಕಾರ್ಯಕ್ಕೆ ‘ಆರ್’ ಎಂಬ ಗಣಕಭಾಷೆ ಒದಗಿಬಂದಿದೆ. ನ್ಯೂಜಿಲೆಂಡಿನ ಆಕ್ಲೆಂಡ್ ವಿಶ್ವವಿದ್ಯಾನಿಲಯದಲ್ಲಿ ರಾಸ್ ಇಹಾಕಾ, ರಾಬರ್ಟ್ ಜೆಂಟಲ್‌ಮನ್ ಎಂಬಿಬ್ಬರು 1990ರ ದಶಕದ ಆರಂಭದಲ್ಲಿ ಇದನ್ನು ರೂಪಿಸಿದರು. ಇದಕ್ಕೆ ಬೆಲೆ ತೆರಬೇಕಾಗಿಲ್ಲ. ಕೆಲಸವು ಮೂರು ಹಂತಗಳದು. ‘ಎಸ್‌ಎಫ್’ ಎಂಬ ಉಪಕರಣವು ತಾಲ್ಲೂಕುಗಳ ಗಡಿರೇಖೆಗಳನ್ನು ಓದುತ್ತದೆ. ಅನಂತರ ಮಾತೃಭಾಷೆಯ ಅಂಕಿಗಳನ್ನು ಜನಗಣತಿಯ ಸಂಕೇತಸಂಖ್ಯೆಯ ಮೂಲಕ ಆ ಗಡಿಗಳಿಗೆ ಜೋಡಿಸಬೇಕು; ಹೆಸರನ್ನೇ ನಂಬಿದರೆ ಒಂದಕ್ಷರದ ವ್ಯತ್ಯಾಸದಿಂದ ಒಂದು ತಾಲ್ಲೂಕೇ ಬಣ್ಣವಿಲ್ಲದೆ ಉಳಿದೀತು. ಕಡೆಗೆ ‘ಜಿಜಿಪ್ಲಾಟ್2’ ಎಂಬುದು ಬಣ್ಣವನ್ನು ತುಂಬುತ್ತದೆ.

ಆದರೆ ಗಣಕವು ಹೇಳಿದುದನ್ನು ಮಾಡುತ್ತದೆಯೇ ಹೊರತು ಅದರ ಯುಕ್ತಾಯುಕ್ತತೆಯನ್ನು ವಿಚಾರಿಸುವುದಿಲ್ಲ. 2011ರ ಜನಗಣತಿಯ ಕಾಲಕ್ಕೆ ಠಾಣೆ ಜಿಲ್ಲೆಯಲ್ಲಿ 15 ತಾಲ್ಲೂಕುಗಳಿದ್ದುವು, ಜನಸಂಖ್ಯೆ 1,10,60,148. 2014ರ ಆಗಸ್ಟ್ 1ರಂದು 8 ತಾಲ್ಲೂಕುಗಳು ಪಾಲ್ಘರ್ ಜಿಲ್ಲೆಯಾಗಿ ಬೇರ್ಪಟ್ಟುವು. ಹಳೆಯ ಅಂಕಿಯನ್ನು ಹೊಸ ಗಡಿಯೊಳಗೆ ತುಂಬಿದರೆ ವಸಯಿಯ ಕನ್ನಡಿಗರೂ ಠಾಣೆಯವರಾಗಿಬಿಡುತ್ತಾರೆ. ಹಳೆಯ ಜಿಲ್ಲೆಗೆಲ್ಲ ಒಂದೇ ಛಾಯೆಯನ್ನು ಬಳಿದರೆ ಮೊಖಾಡಾದ ಗುಡ್ಡಗಾಡಿಗೂ ಡೊಂಬಿವಲಿಯ ಜನನಿಬಿಡ ಬೀದಿಗೂ ಭೇದವೇ ಇರದು. ತಾಲ್ಲೂಕುವಾರು ಬರೆದರೂ ಡೊಂಬಿವಲಿಯು ಕಲ್ಯಾಣ ತಾಲ್ಲೂಕಿನೊಳಗೆ ಅಡಗುತ್ತದೆ. ನವಿ ಮುಂಬಯಿಯಂತೂ ಎರಡು ಜಿಲ್ಲೆಗಳಲ್ಲಿ ಹರಡಿದೆ: ವಾಶಿ, ನೆರೂಳ್ ಠಾಣೆಗೆ ಸೇರಿದರೆ, ಖಾರ್‌ಘರ್, ಕಾಮೋಠೆ ರಾಯಗಡಕ್ಕೆ ಸೇರುತ್ತವೆ.

ಇನ್ನೆರಡು ಎಚ್ಚರಿಕೆಗಳು ಉಳಿದಿವೆ. ಒಟ್ಟು ಸಂಖ್ಯೆಗೆ ಛಾಯೆ ಕೊಟ್ಟರೆ ಜನಬಾಹುಳ್ಯವುಳ್ಳ ತಾಲ್ಲೂಕೇ ಕಪ್ಪಾಗಿ ಕಾಣುವುದು ಸಹಜ. ಆದುದರಿಂದ ಸಾವಿರ ಜನರಲ್ಲಿ ಕನ್ನಡಿಗರೆಷ್ಟು ಎಂಬ ಪ್ರಮಾಣವನ್ನು ತೆಗೆಯಬೇಕು. ಛಾಯೆಗಳ ಮಟ್ಟವನ್ನು ಸಮಾನ ಅಂತರದಿಂದ ವಿಭಾಗಿಸಿದರೆ ಒಂದು ಚಿತ್ರ, ಪ್ರತಿ ಮಟ್ಟಕ್ಕೂ ಸಮಸಂಖ್ಯೆಯ ತಾಲ್ಲೂಕುಗಳು ಬರುವಂತೆ ವಿಭಾಗಿಸಿದರೆ ಮತ್ತೊಂದು ಚಿತ್ರ ಮೂಡುತ್ತದೆ. ಅಂಕಿಗಳು ಅವೇ ಆದರೂ ನೋಡುವವರ ನಿರ್ಣಯವು ಬೇರೆಯಾಗುತ್ತದೆ.

ಪಟದಲ್ಲಿ ಬಿಳುಪಾಗಿ ಕಂಡ ಊರಿನಲ್ಲಿ ಕನ್ನಡ ಮನೆಗಳೇ ಇಲ್ಲವೆಂದು ತಿಳಿದು ಅಲ್ಲಿನ ಮಕ್ಕಳನ್ನು ಮರೆತರೆ ಆ ದೋಷವು ಅಂಕಿಗಳದಲ್ಲ. ಗಣತಿಯ ವರ್ಷ, ಗಡಿಯ ವರ್ಷ, ಪ್ರಮಾಣದ ಆಧಾರ, ಛಾಯೆಗಳ ವಿಭಾಗಕ್ರಮ, ಈ ನಾಲ್ಕನ್ನೂ ಅಡಿಯಲ್ಲಿ ನಮೂದಿಸಿದ ಭೂಪಟವೇ ವಿಶ್ವಾಸಾರ್ಹವೆನಿಸುತ್ತದೆ.