ಸಂಜೆಯಾದ್ರೆ ಹಸು ಎಡವುತ್ತಾ? ಮೊದಲು ಮೇವು ನೋಡಿ

ಬೇಸಿಗೆಯಲ್ಲಿ ಬರೀ ಭತ್ತದ ಹುಲ್ಲು ತಿನ್ನೋ ದನಕ್ಕೆ ಹೊಟ್ಟೆ ತುಂಬಿದರೂ ‘ಎ’ ವಿಟಮಿನ್ ಸಿಗಲ್ಲ. ಹಸಿ ಮೇವಿನ ಕ್ಯಾರೋಟಿನ್‌ನಿಂದ ಹಸು ಮೈಯಲ್ಲೇ ಇದನ್ನು ಮಾಡಿಕೊಳ್ಳುತ್ತದೆ. ಹುಲ್ಲು ಒಣಗಿ ಹಳೆಯದಾದಂತೆ ಕ್ಯಾರೋಟಿನ್ ಹೋಗಿಬಿಡುತ್ತದೆ. ಲಿವರ್‌ನಲ್ಲಿ ಕೂಡಿಟ್ಟದ್ದು ಸಾಮಾನ್ಯವಾಗಿ 2ರಿಂದ 4 ತಿಂಗಳು ಬರುತ್ತದೆ, ಅಷ್ಟೇ.

ಅದೂ ಖಾಲಿಯಾದರೆ ಮಬ್ಬುಗತ್ತಲಲ್ಲಿ ದನಕ್ಕೆ ಕಣ್ಣು ಕಾಣಲ್ಲ, ಕಣ್ಣಲ್ಲಿ ನೀರು ಸುರಿಯುತ್ತದೆ. ಗಬ್ಬದ ಹಸುವಾದರೆ ಮಾಸು ಬೀಳದಿರಬಹುದು, ಕರು ಕುರುಡಾಗಿಯೇ ಹುಟ್ಟಬಹುದು. ಹಾಗೆ ಹುಟ್ಟಿದ ಕರುವಿಗೆ ಆಮೇಲೆ ಔಷಧಿ ಕೊಟ್ಟರೂ ಕಣ್ಣು ಬರೋದು ಕಷ್ಟ.

ದಿನಾ ಐದಾರು ಕೆಜಿ ಹಸಿ ಜೋಳ ಅಥವಾ ನೇಪಿಯರ್ ಹಾಕಿ. ಗಿಣ್ಣು ಹಾಲಲ್ಲಿ ಈ ವಿಟಮಿನ್ ಹೆಚ್ಚಿರುತ್ತದೆ. ಹುಟ್ಟಿದ ಒಂದೆರಡು ಗಂಟೆಯೊಳಗೆ ಕರುವಿಗೆ ಕುಡಿಸಿ, ಆಮೇಲೆ ಮನೆಗೆ ಹಂಚಿ. ದನ ಎಡವುತ್ತಿದ್ದರೆ ತಡಮಾಡದೆ ಪಶು ಆಸ್ಪತ್ರೆಗೆ ತೋರಿಸಿ.