ಟ್ಯೂಬ್ ಹಿಂಡೋ ಮುಂಚೆ: ಗೇರ್‌ಬಾಕ್ಸ್‌ಗೆ ಯಾವ ಸೀಲೆಂಟ್?

ಕಳೆದ ಸೆಮ್ ರಜೆಯಲ್ಲಿ ತಿಪಟೂರಿನಲ್ಲಿ ಸೋದರಮಾವನ ಗ್ಯಾರೇಜ್‌ನಲ್ಲಿ ಮೂರು ವಾರ ಇದ್ದೆ. ಮೆಕ್ಯಾನಿಕಲ್ ಓದ್ತಿದ್ದೀನಿ, ಒಂದು ಗೇರ್‌ಬಾಕ್ಸ್ ಆದ್ರೂ ಕೈಯಾರೆ ಬಿಚ್ಚಿ ಜೋಡಿಸ್ಬೇಕು ಅಂತ ಆಸೆ. ಮೊದಲನೇ ವಾರವೇ ಅವಕಾಶ ಸಿಕ್ತು. ಪಕ್ಕದ ಬೀದಿಯ ಟೈಲರ್ ಅಣ್ಣನ ಹಳೇ ಸಣ್ಣ ಕಾರು ಬಂತು, ಮೂರನೇ ಗೇರ್ ಹಾಕಿದ್ರೆ ಕರಕರ ಅಂತಿತ್ತು. ಆ ಕಾರಲ್ಲೇ ಅವರು ವಾರಕ್ಕೆ ಎರಡು ಸಲ ಅಮ್ಮನನ್ನ ಡಯಾಲಿಸಿಸ್‌ಗೆ ಕರ್ಕೊಂಡು ಹೋಗ್ತಾರೆ.

ಬಾಕ್ಸ್ ಇಳಿಸಿ, ಸಿಂಕ್ರೊನೈಸರ್ ರಿಂಗ್ ಮತ್ತು ಒಂದು ಬೇರಿಂಗ್ ಬದಲಾಯಿಸಿದ್ವಿ. ಕಷ್ಟದ ಕೆಲಸವೆಲ್ಲ ಮಾವನೇ ಮಾಡಿದ್ರು. ಕೊನೆಗೆ ಕೇಸಿನ ಎರಡು ಭಾಗ ಸೇರಿಸೋ ಮುಂಚೆ ಸಿಲಿಕೋನ್ ಹಚ್ಚೋ ಕೆಲಸ ನನಗೆ ಕೊಟ್ಟು ಊಟಕ್ಕೆ ಹೋದ್ರು. ನಾನು ಧಾರಾಳವಾಗಿ ಎರಡೂ ಕಡೆ ದಪ್ಪಗೆ ಹಚ್ಚಿ, ಬೋಲ್ಟ್ ಬಿಗಿದು, ಅರ್ಧ ಗಂಟೆಯಲ್ಲಿ ಎಣ್ಣೆ ತುಂಬಿಸ್ಬಿಟ್ಟೆ. ಮಾವ ಕೇಳಿದಾಗ "ಎಲ್ಲ ಸರಿಯಾಗಿದೆ" ಅಂದೆ.

ನಾಲ್ಕನೇ ದಿನ ಕಾರು ವಾಪಸ್ ಬಂತು. ನಿಲ್ಲಿಸಿದ ಕಡೆ ನೆಲದ ಮೇಲೆ ಗಂಧಕದ ವಾಸನೆಯ ಎಣ್ಣೆ ಕಲೆ. ಅದು ಗೇರ್ ಆಯಿಲ್. ಮತ್ತೆ ಬಿಚ್ಚಿದಾಗ ಒಳಗೆ ಶಾವಿಗೆ ಥರ ಸಿಲಿಕೋನ್ ಎಳೆಗಳು, ಒಂದು ತುಂಡು ಬೇರಿಂಗ್‌ಗೆ ಎಣ್ಣೆ ಹರಿಸೋ ಕಾಲುವೆಯ ಬಾಯಲ್ಲೇ ಸಿಕ್ಕಿಕೊಂಡಿತ್ತು. ಈ ಲೇಖನ ಆ ತಪ್ಪಿನಿಂದ ಕಲಿತದ್ದು.

ಸೀಲೆಂಟ್ ಮಾಡೋ ಕೆಲಸ ಏನು?

ಸಣ್ಣ ಕಾರಿನ ಮ್ಯಾನ್ಯುಯಲ್ ಗೇರ್‌ಬಾಕ್ಸಿನ ಕೇಸ್ ಸಾಮಾನ್ಯವಾಗಿ ಎರಕ ಹೊಯ್ದ ಅಲ್ಯೂಮಿನಿಯಂನ ಎರಡು ಭಾಗ. ಸೇರೋ ಮುಖಗಳನ್ನ ಮಷೀನ್ ಮಾಡಿರ್ತಾರೆ. ಕಣ್ಣಿಗೆ ಕನ್ನಡಿ ಥರ ಕಂಡ್ರೂ ಅದರ ಮೇಲೆ ಮೈಕ್ರಾನ್ ಲೆಕ್ಕದ ಗುಡ್ಡ-ಕಣಿವೆ ಇರುತ್ತೆ. ಎಷ್ಟೇ ಬಿಗಿದ್ರೂ ಗುಡ್ಡಕ್ಕೆ ಗುಡ್ಡ ತಾಗುತ್ತೆ, ಕಣಿವೆಯಲ್ಲಿ ಎಣ್ಣೆ ಹರಿಯುತ್ತೆ. ಸೀಲೆಂಟ್ ತುಂಬ್ಬೇಕಾಗಿರೋದು ಈ ಕಣಿವೆಗಳನ್ನ ಮಾತ್ರ. ಎರಡು ಭಾಗಗಳನ್ನ ಹಿಡಿದಿಡೋದು ಬೋಲ್ಟ್, ಅಂಟಲ್ಲ.

ಹಾಗಾದ್ರೆ ದಪ್ಪ ಪೇಪರ್ ಗ್ಯಾಸ್ಕೆಟ್ ಕತ್ತರಿಸಿ ಹಾಕಿದ್ರೆ ಆಗಲ್ವಾ? ಕಂಪನಿ ಗ್ಯಾಸ್ಕೆಟ್ ಇಡದೇ ಇರೋ ಜಾಗದಲ್ಲಿ ಖಂಡಿತ ಆಗಲ್ಲ. ಒಳಗಿನ ಶಾಫ್ಟ್‌ಗಳ ಎರಡು ತುದಿಯ ಬೇರಿಂಗ್‌ಗಳು ಕೇಸಿನ ಎರಡು ಭಾಗಗಳಲ್ಲಿ ಕೂತಿರುತ್ತೆ. ಶಾಫ್ಟ್ ಎಷ್ಟು ಅಲ್ಲಾಡಬಹುದು, ಬೇರಿಂಗ್ ಮೇಲೆ ಎಷ್ಟು ಒತ್ತಡ ಇರ್ಬೇಕು ಅನ್ನೋದನ್ನ ಶಿಮ್ ಹಾಕಿ ಸರಿಮಾಡ್ತಾರೆ, ಅದೂ ನೂರರಲ್ಲೊಂದು ಮಿಲಿಮೀಟರ್ ಲೆಕ್ಕದಲ್ಲಿ. ನೀವು ನಡುವೆ ಅರ್ಧ ಮಿಲಿಮೀಟರ್ ಪೇಪರ್ ಇಟ್ರೆ ಆ ಲೆಕ್ಕ ಎಲ್ಲ ಕೆಟ್ಟುಹೋಯ್ತು. ದ್ರವ ಸೀಲೆಂಟ್ ಆದ್ರೆ ಬೋಲ್ಟ್ ಬಿಗಿದಾಗ ಹಿಂಡಿ ಹೊರಗೆ ಹೋಗಿ, ಲೋಹಕ್ಕೆ ಲೋಹ ತಾಗುತ್ತೆ.

ಎರಡು ಜಾತಿ

ಮಾವನ ಗ್ಯಾರೇಜ್‌ನಲ್ಲಿ ಯಾವ ಟ್ಯೂಬ್ ಆದ್ರೂ ಹೆಸರು ಒಂದೇ: "ಅನಾಬಾಂಡ್ ತಗೊಂಬಾ". ಆದ್ರೆ ಗೇರ್‌ಬಾಕ್ಸ್ ಕೆಲಸಕ್ಕೆ ಮುಖ್ಯವಾಗಿ ಎರಡು ಬೇರೆ ಬೇರೆ ಜಾತಿ ಇವೆ, ಅವು ಗಟ್ಟಿಯಾಗೋ ರೀತಿಯೇ ತದ್ವಿರುದ್ಧ.

ಮೊದಲನೇದು ಆರ್‌ಟಿವಿ ಸಿಲಿಕೋನ್. ಗಾಳಿಯಲ್ಲಿರೋ ತೇವಾಂಶ ಹೀರಿಕೊಂಡು ರಬ್ಬರ್ ಆಗುತ್ತೆ. ತೇವ ಹೊರಗಿನ ಅಂಚಿನಿಂದ ಒಳಕ್ಕೆ ಹೋಗ್ಬೇಕು, ಹಾಗಾಗಿ ನಿಧಾನ. ಮೇಲೆ ಹತ್ತು-ಹದಿನೈದು ನಿಮಿಷಕ್ಕೆ ಚರ್ಮ ಕಟ್ಟುತ್ತೆ, ಪೂರ್ತಿ ಗಟ್ಟಿಯಾಗೋಕೆ ಸಾಮಾನ್ಯವಾಗಿ 24 ಗಂಟೆ ಬೇಕು. ನಾನು ಅರ್ಧ ಗಂಟೆಗೆ ಎಣ್ಣೆ ಹೊಯ್ದಾಗ ಒಳಗೆ ಅದು ಇನ್ನೂ ಪೇಸ್ಟ್ ಆಗಿತ್ತು.

ಸಿಲಿಕೋನ್‌ನಲ್ಲೂ ಒಳಪಂಗಡ ಇದೆ. ಬಾತ್‌ರೂಮ್ ಸಿಂಕ್‌ಗೆ ಹಚ್ಚೋ ಎಷ್ಟೋ ಟ್ಯೂಬ್‌ಗಳಿಂದ ವಿನೆಗರ್ ವಾಸನೆ ಬರುತ್ತಲ್ಲ, ಅದು ಗಟ್ಟಿಯಾಗುವಾಗ ಅಸಿಟಿಕ್ ಆಸಿಡ್ ಬಿಡೋ ಜಾತಿ. ತಾಮ್ರ ಮತ್ತು ಸೆನ್ಸರ್ ಕನೆಕ್ಟರ್‌ಗಳಿಗೆ ಅದು ಒಳ್ಳೇದಲ್ಲ. ಗಾಡಿಗೆ ಬೇಕಾಗಿರೋದು ನ್ಯೂಟ್ರಲ್ ಕ್ಯೂರ್, ಅಂದ್ರೆ ಆಸಿಡ್ ಬಿಡದೇ ಇರೋದು. ಟ್ಯೂಬ್ ಮೇಲೆ 'ಸೆನ್ಸರ್ ಸೇಫ್' ಅಂತ ಬರೆದಿರ್ತಾರೆ. ಜೊತೆಗೆ 'ಗೇರ್ ಆಯಿಲ್ ತಡೆಯುತ್ತೆ' ಅಂತಲೂ ಇದೆಯಾ ನೋಡಿ. ಗೇರ್ ಆಯಿಲ್‌ನಲ್ಲಿ ಗಂಧಕ-ರಂಜಕದ ಸೇರ್ಪಡೆಗಳಿರುತ್ತೆ, ಎಂಜಿನ್ ಆಯಿಲ್ ತಡೆಯೋ ಸಿಲಿಕೋನೆಲ್ಲ ಇದನ್ನ ತಡೆಯಲ್ಲ. ಬಣ್ಣ ನೋಡಿ ಮಾತ್ರ ತಗೋಬೇಡಿ. ಕೆಂಪು, ಕಪ್ಪು, ಬೂದು ಅನ್ನೋದಕ್ಕೆ ಎಲ್ಲ ಕಂಪನಿಗೂ ಒಂದೇ ಅರ್ಥ ಇಲ್ಲ.

ಎರಡನೇದು ಅನೆರೋಬಿಕ್ ಸೀಲೆಂಟ್. ಅಮೆರಿಕದ ಹಾರ್ಟ್‌ಫರ್ಡ್‌ನ ಟ್ರಿನಿಟಿ ಕಾಲೇಜಿನಲ್ಲಿ ಕೆಮಿಸ್ಟ್ರಿ ಪ್ರೊಫೆಸರ್ ಆಗಿದ್ದ ವರ್ನನ್ ಕ್ರೀಬಲ್ 1953ರಲ್ಲಿ ಈ ಥರದ ಅಂಟನ್ನ ರೂಪಿಸಿದ್ರು. ಅದೇ ಮುಂದೆ ಲಾಕ್‌ಟೈಟ್ ಆಯ್ತು. ಇದು ಗಾಳಿ ಇದ್ರೆ ದ್ರವವಾಗೇ ಇರುತ್ತೆ. ಎರಡು ಲೋಹದ ನಡುವೆ ಸಿಕ್ಕಿ, ಆಮ್ಲಜನಕ ತಪ್ಪಿದಾಗ, ಲೋಹದ ಅಯಾನುಗಳ ಸಹಾಯದಿಂದ ಗಟ್ಟಿ ಪ್ಲಾಸ್ಟಿಕ್ ಆಗುತ್ತೆ. ಈ ಅಂಟಿನ ಬಾಟಲಿಯನ್ನ ಪೂರ್ತಿ ತುಂಬಿಸದೆ ಒಳಗೆ ಗಾಳಿ ಬಿಟ್ಟಿರ್ತಾರೆ. ಮೋಸ ಅಲ್ಲ ಅದು, ಗಾಳಿ ಇಲ್ಲದಿದ್ರೆ ಬಾಟಲಿಯಲ್ಲೇ ಗಟ್ಟಿಯಾಗ್ಬಿಡುತ್ತೆ!

ಇದರ ದೊಡ್ಡ ಲಾಭ: ಹೆಚ್ಚಾಗಿ ಒಳಗೆ ಹಿಂಡಿಬಂದದ್ದು ಗಟ್ಟಿಯಾಗದೆ ಎಣ್ಣೆಯಲ್ಲಿ ಬೆರೆತುಹೋಗುತ್ತೆ, ಶಾವಿಗೆ ಆಗಲ್ಲ. ಮಿತಿಯೂ ಇದೆ. ಸಂದಿ ಕಾಲು ಮಿಲಿಮೀಟರ್ ಆಸುಪಾಸಿಗಿಂತ ದೊಡ್ಡದಿದ್ರೆ ಇದನ್ನ ನಂಬೋ ಹಾಗಿಲ್ಲ. ಅಲ್ಯೂಮಿನಿಯಂ ಮೇಲೆ ಕಬ್ಬಿಣಕ್ಕಿಂತ ನಿಧಾನವಾಗಿ ಗಟ್ಟಿಯಾಗುತ್ತೆ, ಬೇಕಿದ್ರೆ ಆಕ್ಟಿವೇಟರ್ ಸ್ಪ್ರೇ ಮಾಡ್ತಾರೆ.

ಎಲ್ಲಿಗೆ ಯಾವುದು?

ಇಲ್ಲಿ ಫಸ್ಟ್ ಇಯರ್ ಲೆಕ್ಕವೇ ಸಾಕು. ಸ್ಟೀಲ್ ತಗಡಿನ ಪ್ಯಾನ್ ಅಲ್ಯೂಮಿನಿಯಂ ಕೇಸಿಗೆ ಕೂರುತ್ತೆ ಅಂದ್ಕೊಳ್ಳಿ, ಉದ್ದ 300 ಮಿಮೀ, ಬಿಸಿ 80 ಡಿಗ್ರಿ ಏರುತ್ತೆ. ಅಲ್ಯೂಮಿನಿಯಂ ಮೀಟರಿಗೆ ಡಿಗ್ರಿಗೆ ಸುಮಾರು 23 ಮೈಕ್ರಾನ್ ಹಿಗ್ಗುತ್ತೆ, ಅಂದ್ರೆ 0.55 ಮಿಮೀ. ಸ್ಟೀಲ್ ಸುಮಾರು 12 ಮೈಕ್ರಾನ್, ಅಂದ್ರೆ 0.29 ಮಿಮೀ. ಬೋಲ್ಟ್ ತಡೆಯದಿದ್ರೆ ವ್ಯತ್ಯಾಸ ಕಾಲು ಮಿಲಿಮೀಟರ್‌ಗಿಂತ ಸ್ವಲ್ಪ ಜಾಸ್ತಿ. ಪ್ರತಿ ಸಲ ಬಿಸಿಯಾಗಿ ತಣ್ಣಗಾದಾಗ ಎರಡು ಮುಖ ಒಂದರ ಮೇಲೊಂದು ಜರುಗೋಕೆ ನೋಡುತ್ತೆ. ಗಟ್ಟಿ ಪ್ಲಾಸ್ಟಿಕ್ ಬಿರುಕು ಬಿಡುತ್ತೆ, ರಬ್ಬರ್ ಎಳೆಯೋಕೆ ಬಗ್ಗುತ್ತೆ.

ಹಾಗಾಗಿ:

- ಎರಡೂ ಮುಖ ಗಟ್ಟಿ, ಮಷೀನ್ ಮಾಡಿದ ಅಲ್ಯೂಮಿನಿಯಂ: ಸರ್ವಿಸ್ ಮ್ಯಾನ್ಯುಯಲ್ ಹೇಳಿದ್ದು. ಕೆಲವು ಬಾಕ್ಸ್‌ಗೆ ಅನೆರೋಬಿಕ್, ಕೆಲವಕ್ಕೆ ಕಂಪನಿಯದ್ದೇ ಸಿಲಿಕೋನ್ (ಹೋಂಡಾಬಾಂಡ್, ಸುಜುಕಿ ಬಾಂಡ್ ಥರದ್ದು).
- ತಗಡಿನ ಪ್ಯಾನ್ ಅಥವಾ ಕವರ್, ಗ್ಯಾಸ್ಕೆಟ್ ಇಲ್ಲದ್ದು: ನ್ಯೂಟ್ರಲ್ ಆರ್‌ಟಿವಿ.
- ಎಣ್ಣೆ ಇರೋ ಜಾಗಕ್ಕೆ ತೂತು ಹಾಯ್ದ ಬೋಲ್ಟ್: ಥ್ರೆಡ್ ಸೀಲೆಂಟ್. ಟೆಫ್ಲಾನ್ ಟೇಪ್ ಬೇಡ, ಹರಿದ ಚೂರು ಒಳಗೆ ಹೋಗುತ್ತೆ.
- ವಾಷರ್ ಇರೋ ಡ್ರೈನ್ ಪ್ಲಗ್: ಹೊಸ ವಾಷರ್ ಸಾಕು.
- ಓ-ರಿಂಗ್, ರಬ್ಬರ್ ಗ್ಯಾಸ್ಕೆಟ್, ಆಯಿಲ್ ಸೀಲಿನ ತುಟಿ: ಸೀಲೆಂಟ್ ಬೇಡವೇ ಬೇಡ. ತುಟಿಗೆ ಸ್ವಲ್ಪ ಎಣ್ಣೆ ಸವರಿ, ಒಣಗಿದ್ದು ತಿರುಗಿದ್ರೆ ಮೊದಲ ನಿಮಿಷದಲ್ಲೇ ಸವೆಯುತ್ತೆ.

ಆಟೊಮ್ಯಾಟಿಕ್ ಬಾಕ್ಸ್ ಆದ್ರೆ ಇನ್ನೂ ಹುಷಾರು. ಅದರ ವಾಲ್ವ್ ಬಾಡಿಯಲ್ಲಿ ಇರುವೆ ಗೂಡಿನ ಥರ ಸಣ್ಣ ದಾರಿಗಳು, ಸೊಲೆನಾಯ್ಡ್‌ಗಳ ಬಾಯಲ್ಲಿ ಪುಟ್ಟ ಜರಡಿಗಳು. ಸಾಸಿವೆ ಕಾಳಷ್ಟು ಸಿಲಿಕೋನ್ ಸಿಕ್ಕಿಕೊಂಡ್ರೂ ಗೇರ್ ಬದಲಾಗೋದು ಕೆಡುತ್ತೆ. ಜೋಡಿಸುವಾಗ ವಾಷರ್ ಬೀಳದ ಹಾಗೆ ಹಿಡಿದಿಡೋಕೆ ಗ್ರೀಸ್ ಬದಲು ಪೆಟ್ರೋಲಿಯಂ ಜೆಲ್ಲಿ ಹಚ್ಚೋದು ಇದಕ್ಕೇ, ಅದು ಬಿಸಿ ಎಣ್ಣೆಯಲ್ಲಿ ಕರಗಿಹೋಗುತ್ತೆ.

ಎರಡನೇ ಸಲ ಹೇಗೆ ಮಾಡಿದ್ವಿ

ಮಾವ ಬೈಲಿಲ್ಲ. "ಲೋ ಇಂಜಿನಿಯರ್, ಈಗ ನೀನೇ ಮಾಡು, ನಾನು ನೋಡ್ತೀನಿ" ಅಂದ್ರು. ಅದು ಬೈಗುಳಕ್ಕಿಂತ ಜಾಸ್ತಿ ಚುಚ್ಚಿತು.

ಮೊದಲು ಹಳೇದನ್ನ ಪೂರ್ತಿ ತೆಗೆದೆ. ಸ್ಟೀಲ್ ಬ್ಲೇಡ್ ಅಲ್ಲ, ಪ್ಲಾಸ್ಟಿಕ್ ಕೆರೆಯೋ ಪಟ್ಟಿ. ಬ್ಲೇಡ್ ಅಲ್ಯೂಮಿನಿಯಂ ಮೇಲೆ ಗೀರು ಹಾಕಿದ್ರೆ ಅದೇ ಹೊಸ ಕಾಲುವೆ. ಡೋವೆಲ್ ಪಿನ್ ಸುತ್ತ ಹಳೇ ಸಿಲಿಕೋನ್ ಉಳಿದಿತ್ತು. ಹೊಸ ಸಿಲಿಕೋನ್ ಗಟ್ಟಿಯಾದ ಹಳೇ ಸಿಲಿಕೋನ್‌ಗೆ ಸರಿಯಾಗಿ ಅಂಟಲ್ಲ, ಸೋರಿದ್ದು ಅಲ್ಲೇ. ಆಮೇಲೆ ಬ್ರೇಕ್ ಕ್ಲೀನರ್ ಹಾಕಿದ ಬಟ್ಟೆಯಲ್ಲಿ, ಬಟ್ಟೆಗೆ ಕಪ್ಪು ಹತ್ತದೇ ಇರೋವರೆಗೂ ಒರೆಸಿದೆ. ನೇರ ಪಟ್ಟಿ ಇಟ್ಟು ಫೀಲರ್ ಗೇಜ್ ತೂರಿಸಿ ಮುಖ ಸಪಾಟಾಗಿದೆಯಾ ಅಂತ ನೋಡಿದ್ವಿ.

ಸೀಲೆಂಟ್ ಒಂದೇ ಕಡೆಯ ಮುಖಕ್ಕೆ, ಸುಮಾರು 2 ಮಿಮೀ ಎಳೆ, ಎಲ್ಲೂ ತುಂಡಾಗದೆ, ಬೋಲ್ಟ್ ತೂತುಗಳ ಒಳಬದಿಯಿಂದ ಸುತ್ತಿ ಬಂತು. ಚರ್ಮ ಕಟ್ಟೋ ಮುಂಚೆ ಕೇಸ್ ಮುಚ್ಚಿ, ಟಾರ್ಕ್ ರೆಂಚ್‌ನಲ್ಲಿ ಎದುರುಬದುರು ಬೋಲ್ಟ್‌ಗಳನ್ನ ಹಂತ ಹಂತವಾಗಿ ಬಿಗಿದೆ. ಹೊರಗೆ ಸಣ್ಣ ದಾರದಷ್ಟು ಸೀಲೆಂಟ್ ಇಣುಕಿತು. ಹೊರಗೆ ಎಷ್ಟು ಬಂತೋ ಒಳಗೂ ಹೆಚ್ಚುಕಡಿಮೆ ಅಷ್ಟೇ ಬಂದಿರುತ್ತೆ ಅನ್ನೋದು ಮಾವನ ಲೆಕ್ಕ. ಎಣ್ಣೆ ತುಂಬಿಸಿದ್ದು ಮಾರನೇ ದಿನ ಸಂಜೆ.

ಇನ್ನೊಂದು ಮಾತು. ಸೋರಿದ ಕೂಡಲೇ ಸೀಲೆಂಟ್ ಮೇಲೆ ತಪ್ಪು ಹೊರಿಸ್ಬೇಡಿ. ಗೇರ್‌ಬಾಕ್ಸ್ ಮೇಲ್ಗಡೆ ಉಸಿರಾಡೋಕೆ ಬ್ರೀದರ್ ಅಂತ ಸಣ್ಣ ಕಿಂಡಿ ಇರುತ್ತೆ. ಅದು ಮಣ್ಣಿಂದ ಮುಚ್ಚಿದ್ರೆ ಬಿಸಿಯಾದ ಗಾಳಿ ಒಳಗೇ ಒತ್ತಡ ಹೆಚ್ಚಿಸಿ ಎಣ್ಣೆಯನ್ನ ಸಿಕ್ಕ ಸಂದಿಯಿಂದ ತಳ್ಳುತ್ತೆ. ಆಗ ಯಾವ ಕಂಪನಿ ಟ್ಯೂಬ್ ಹಾಕಿದ್ರೂ ಅಷ್ಟೇ.

ಎಂಜಿನ್ ಆಯಿಲ್ ಒತ್ತಡ ಕಮ್ಮಿ ಆದ್ರೆ ಡ್ಯಾಶ್‌ಬೋರ್ಡ್‌ನಲ್ಲಿ ಕೆಂಪು ಲೈಟ್ ಬರುತ್ತೆ. ಇಂಥ ಮ್ಯಾನ್ಯುಯಲ್ ಗೇರ್‌ಬಾಕ್ಸ್‌ಗೆ ಆ ಭಾಗ್ಯ ಇಲ್ಲ. ಒಳಗಿರೋದು ಎರಡು ಲೀಟರ್ ಆಸುಪಾಸು ಎಣ್ಣೆ, ಅದು ಹನಿ ಹನಿಯಾಗಿ ಖಾಲಿಯಾದ್ರೆ ಗೊತ್ತಾಗೋದು ಬೇರಿಂಗ್ ಕೂಗಿದಾಗಲೇ. ಟೈಲರ್ ಅಣ್ಣ ನೆಲದ ಕಲೆ ನೋಡಿದ್ದಕ್ಕೆ ಬಚಾವ್. ನೋಡದೇ ಇದ್ದಿದ್ರೆ ಯಾವತ್ತೋ ಆಸ್ಪತ್ರೆಗೆ ಹೋಗೋ ದಾರಿ ಮಧ್ಯೆ ಕಾರು ನಿಂತಿರ್ತಿತ್ತು.

ಆ ವಾರ ಕಾರು ಗ್ಯಾರೇಜ್‌ನಲ್ಲೇ ಇದ್ದಿದ್ರಿಂದ, ಡಯಾಲಿಸಿಸ್ ದಿನ ಮಾವ ತಮ್ಮ ಕಾರಿನ ಕೀ ಕೊಟ್ಟು ಕಳಿಸಿದ್ರು. ನಾನು ಟೈಲರ್ ಅಣ್ಣನ ಹತ್ರ ಹೋಗಿ "ಅಣ್ಣ, ತಪ್ಪು ನಂದೇ, ಸರಿಯಾಗಿ ಹಚ್ಚಿರ್ಲಿಲ್ಲ" ಅಂತ ಹೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಹೊಲಿಗೆ ಬಿಟ್ರೆ ಬಿಚ್ಚಿ ಹೊಲೀಬೇಕು, ಮೇಲೆ ತೇಪೆ ಹಾಕ್ಬಾರ್ದು. ಸರಿಯಾಗಿ ಮಾಡಿದ್ಯಲ್ಲ, ಬಿಡು" ಅಂದ್ರು.

ಈ ಸಲ ಊರಿಗೆ ಹೋದಾಗ ಮೊದಲು ಆ ಕಾರು ನಿಲ್ಲಿಸೋ ಜಾಗ ನೋಡ್ದೆ. ನೆಲ ಒಣಗಿತ್ತು.